ಸೋಸುವ ಅರಿವಿ ಮತ್ತು ಎರಡನೇ ಬೀಗ

ಮೂಡಲಗಿಯ ನಮ್ಮ ಚಿಕ್ಕಮ್ಮ ಕಾಕುವಿನ ಬೆರಳ ಸಂದುಗಳು ಬಾತು, ನೆಲದಡಿಯ ಗಡ್ಡೆ ತಿನ್ನದ ಜೈನರಾದ ಅವರ ಮನೆಯೊಳಗೆ ಎಂದೂ ಕಾಲಿಡದ ಹಸಿ ಶುಂಠಿಯ ಗಡ್ಡೆಯಂತಾಗಿದ್ದವು. ಬೆರಳು ಮಡಚದೆ ಹಿಟ್ಟು ನಾದಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುವ ಅಧಿಕಾರ ಸೊಸೆಯ ಪಾಲಾಗಿತ್ತು. ನೋವಿಗಿಂತ ಕಾಕುವಿಗೆ ಅದೇ ದೊಡ್ಡ ಸಂಕಟ. "ಅಕಿ ರೊಟ್ಟಿ ತಿಂದ್ರ ಹಲ್ಲಿಗೆ ವ್ಯಾಯಾಮ ಆಗತೈತಿ, ಹೊಟ್ಟಿಗೆ ಏನೂ ಹೋಗಂಗಿಲ್ಲ" ಎನ್ನುತ್ತಿದ್ದಳು, ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ. ಗೋಕಾಕದ ಡಾಕ್ಟರು ವರ್ಷಗಟ್ಟಲೆ ಗುಳಗಿ ನುಂಗಬೇಕೆಂದಾಗ ಸಿಟ್ಟಿನಿಂದ ಎದ್ದು ಬಂದಿದ್ದಳು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು, ಅಕ್ಕ, ಭಾವ ಅಲ್ಲಿಗೆ ಹೋದೆವು. ಭಾವ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವವರು. ಯಾರೂ ಕೇಳದಿದ್ದರೂ ಕಲಿಸುವವರು. ಕಾಕುವಿನ ಬೆರಳು ನೋಡಿದ್ದೇ ಭಂಗಿ ಎಂಬ ಗಾಂಜಾ ಸೊಪ್ಪಿನ ಪಾಠ ಶುರುಮಾಡಿದರು. ಅದರ ಸತ್ವ ಹೋಗಿ ಕೂಡಲು ನಮ್ಮ ಜೀವಕೋಶಗಳ ಮೇಲೆ ಎರಡು ಥರದ ಗ್ರಾಹಕಗಳು, ಅಂದರೆ ಬೀಗಗಳಂಥವು, ಇರುತ್ತವಂತೆ. ಒಂದು ಮುಖ್ಯವಾಗಿ ಮೆದುಳಿನಲ್ಲಿ. ಅದು ತೆರೆದರೆ ನಶೆ. ಇನ್ನೊಂದು, ರೋಗದ ಜೊತೆ ಬಡಿದಾಡುವ ರಕ್ತದ ಬಿಳಿ ಕಣಗಳ ಮೇಲೆ.

"ವೈರಿ ಇಲ್ಲದಿದ್ರೂ ಈ ಕಣಗಳು ನಿಮ್ಮ ಸಂದಿನ್ಯಾಗ ಜಗಳಾ ತಗದಾವರಿ, ಅತ್ತಿ. ಅದಕ್ಕ ಬಾವು. ಆ ಎರಡನೇ ಬೀಗ ತಗದ್ರ ಜಗಳಾ ತಣ್ಣಗಾಗಬಹುದು ಅಂತ ಈಗೀಗ ಹುಡಕಾಕತ್ತಾರ. ಆದ್ರ ಭಂಗಿ ಎರಡೂ ಬೀಗ ತಗೀತೈತಿ."

ನಶೆ ಎಂಬ ಶಬ್ದಕ್ಕೇ ಕಾಕು ಬಾಯಿ ಮುಕ್ಕಳಿಸುವವಳು. ಆದರೆ ಅರಿವಿ ಬಟ್ಟೆಯಲ್ಲಿ ಸೋಸದ ನೀರನ್ನು ಎಂದೂ ಕುಡಿಯದವಳಿಗೆ ಇದೇನು ದೊಡ್ಡ ಮಾತು?

"ಸೋಸಿದ್ರಾತಲ್ರಿ, ಅಳಿಯಾರ! ನೀರಿನ ಹುಳಾ ಹಿಡಿಯೋ ಅರಿವಿಗೆ ನಶಾ ಹಿಡಿಯಾಕ ಬರಂಗಿಲ್ಲೇನು?"

ಭಾವ ತಲೆ ಅಲ್ಲಾಡಿಸುವಷ್ಟರಲ್ಲಿ ಅವಳ ಗಂಡ, ನಮ್ಮ ಕಾಕಾ, ಚಪ್ಪಲಿ ಮೆಟ್ಟಿಯಾಗಿತ್ತು. ಹುಕ್ಕೇರಿ ಸಂತೆಗೆ ಹೋಗಿ ಯಾರನ್ನೋ ಹಿಡಿದು ಒಂದು ಹಿಡಿ ಭಂಗಿ ಸೊಪ್ಪು ತಂದ. ಮರುದಿನ ಬೆಳಿಗ್ಗೆ ಕಾಕು ಅದನ್ನು ನೀರಲ್ಲಿ ಕುದಿಸಿ, ಹೊಸ ಅರಿವಿಯನ್ನು ಎರಡು ಮಡಿಕೆ ಮಾಡಿ ಸೋಸಿ, ಕಣ್ಣು ಮುಚ್ಚಿ ಕುಡಿದಳು. ನಾವೆಲ್ಲ ಅವಳ ಮುಖ ನೋಡುತ್ತ ಕೂತೆವು. ಏನೂ ಆಗಲಿಲ್ಲ. ಸೊಸೆಗೆ ಬೈಯುವ ಬೈಗುಳದಲ್ಲೂ ಒಂದಕ್ಷರ ಆಚೀಚೆ ಆಗಲಿಲ್ಲ.

ಇತ್ತ ಕಾಕಾ, ಅರಿವಿಯಲ್ಲಿ ಉಳಿದ ಚರಟ ಚೆಲ್ಲಲು ಮನಸ್ಸಾಗದೆ, ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿ ತಿಂದಿದ್ದ. ಮಧ್ಯಾಹ್ನದ ಹೊತ್ತಿಗೆ ಎಮ್ಮೆಯ ಮುಂದೆ ಕೈಮುಗಿದು ಕೂತಿದ್ದ. "ನಿನ್ನ ಕರುವಿನ ಪಾಲಿನ ಹಾಲು ಕುಡದೇನಿ, ಕ್ಷಮಾ ಮಾಡವಾ." ಎಮ್ಮೆಯದು ಮುಗಿದ ಮೇಲೆ ಬೀಸುವ ಕಲ್ಲಿನ ಕ್ಷಮೆಯನ್ನೂ ಕೇಳಿದ.

ಕಾಕುವಿನ ಮುಖ ಅರಳಿತು. "ನೋಡ್ರಿ ಅಳಿಯಾರ, ನಶಾ ಅರಿವ್ಯಾಗ ನಿಂತಿತ್ತೋ ಇಲ್ಲೋ?"

"ಖರೇನ ನಿಂತಿತ್ರಿ. ಅದು ನೀರಿಗೆ ಬಿಡಂಗಿಲ್ಲ, ತುಪ್ಪಕ್ಕ ಬಿಡತೈತಿ. ಆದ್ರ ಔಷಧಾನೂ ಅದರ ಜೋಡೀನ ನಿಂತಿತ್ತು. ನೀವು ಕುಡದದ್ದು ಬರೇ ಹಸರ ನೀರು."

ಕಾಕು ಬೆರಳು ಮಡಚಿ ನೋಡಿದಳು. ಮಡಚಲಿಲ್ಲ. ನಶೆ ಬಿಟ್ಟು ಬಾವು ಮಾತ್ರ ಇಳಿಸುವಂಥದ್ದು ದೊಡ್ಡ ದೊಡ್ಡ ಪ್ರಯೋಗಶಾಲೆಗಳಿಗೂ ಇನ್ನೂ ಸಿಕ್ಕಿಲ್ಲ ಎಂದು ಭಾವ ಸಮಾಧಾನ ಹೇಳಿದರು.

"ಅವರಿಗೆ ಸಿಗೂತನಕ ನಾ ಈ ರೊಟ್ಟಿ ತಿನಬೇಕೇನ್ರಿ?"

ಮರುದಿನ ನನ್ನನ್ನು ಎಬ್ಬಿಸಿಕೊಂಡು ಗೋಕಾಕದ ಬಸ್ಸು ಹತ್ತಿದಳು. ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರು ಗದರಲು ಶುರುಮಾಡಿದರು.

"ಗುಳಗಿ ಕೊಡ್ರಿ," ಎಂದಳು ಕಾಕು, "ಬೈಯೋದಿದ್ರ ನುಂಗಿದ ಮ್ಯಾಲ ಬೈರಿ."