ಸ್ಟೂಲಿನ ಮೇಲೆ ಕೂರಿಸಿ ತೆಗೆದ ಫೋಟೋ

ನನ್ನ ಮೊಮ್ಮಗಳ ಕಾಲಿಗೆ ಜನ ದುಡ್ಡು ಕೊಡಲಿಲ್ಲ ಅಂತ ಕೊಟ್ಟೂರಿನ ನಮ್ಮ ಓಣಿಯಲ್ಲಿ ಮಾತಾಡುತ್ತಿದ್ದಾರೆ. ಸುಳ್ಳು. ಜನ ಕೊಟ್ಟಿದ್ದರು. ಇಲ್ಲದ ಕಾಲನ್ನು ನಾವೇ ಮುಚ್ಚಿಟ್ಟೆವು. ಅಷ್ಟೇ ನಡೆದದ್ದು.

ಮೊಮ್ಮಗಳು ಶೈಲಾ ನಿಮಗೆ ಗೊತ್ತಲ್ಲ? ಈ ಅಂಕಣದಲ್ಲೇ ಹಿಂದೊಮ್ಮೆ ಬರೆದಿದ್ದೆ. ಹಡಗಲಿ ರಸ್ತೆಯಲ್ಲಿ ಟ್ರ್ಯಾಕ್ಸ್ ಪಲ್ಟಿಯಾಗಿ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. (ಆ ಗಾಡಿಯಲ್ಲಿ ಎಷ್ಟು ಮಂದಿ ತುಂಬಿದ್ದರು ಅಂತ ಕೇಳಬೇಡಿ. ನೀವೂ ಅದರಲ್ಲೇ ಓಡಾಡುವವರು.) ಪುಕ್ಕಟೆ ಶಿಬಿರದಲ್ಲಿ ಕೊಟ್ಟ ಕೃತಕ ಕಾಲು ಅವಳಿಗೆ ಹೊಂದಲಿಲ್ಲ. ಉಜ್ಜಿ ಉಜ್ಜಿ ಹುಣ್ಣಾಯಿತು. ಅವಳ ಅಳತೆಗೇ ಬೇರೆ ಮಾಡಿಸಬೇಕು ಅಂದರು ಡಾಕ್ಟರು. ಅದರ ರೇಟು ಕೇಳಿ, ಮಿರ್ಚಿ ಗಾಡಿ ಇಟ್ಟುಕೊಂಡಿರುವ ನನ್ನ ಮಗ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಶೈಲಾಗೆ ಡಿ.ಎಡ್. ಸೀಟು ಸಿಕ್ಕಿದೆ. ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸಬೇಕು. ಎರಡೂ ಕಂಕುಳಲ್ಲಿ ಊರುಗೋಲು. ಸೀಮೆಸುಣ್ಣ ಯಾವ ಕೈಯಲ್ಲಿ ಹಿಡಿಯಬೇಕು?

ಬಸ್ ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರ್ ಇಟ್ಟಿರುವ ಪ್ರಕಾಶ ಒಂದು ದಾರಿ ತೋರಿಸಿದ. ಕಂಪ್ಯೂಟರಿನಲ್ಲಿ ನಮ್ಮ ಕಷ್ಟ ಹಾಕಿದರೆ ಎಲ್ಲೆಲ್ಲಿಯವರೋ ಓದಿ ಕೈಲಾದಷ್ಟು ಕೊಡುತ್ತಾರಂತೆ. ಅಂಥ ವೆಬ್‌ಸೈಟು ಎರಡು ಹುಡುಕಿದ್ದ.

"ನೋಡ್ರಿ ಅಜ್ಜಿ, ಇದರಾಗ ರೊಕ್ಕ ಬಂದಷ್ಟು ಬಂದಂಗ ಕೊಡ್ತಾರ. ಆದ್ರ ಕಾಲು ಕಾಣೋ ಫೋಟೋನ ಬೇಕಂತಾರ. ಇನ್ನೊಂದರಾಗ ಎಂಥ ಫೋಟೋ ಆದ್ರೂ ನಡೀತೈತಿ. ಆದ್ರ ಗಡುವಿನೊಳಗ ಪೂರ್ತಿ ರೊಕ್ಕ ಕೂಡಬೇಕು. ಒಂದು ರೂಪಾಯಿ ಕಮ್ಮಿ ಬಿದ್ರೂ ಎಲ್ಲಾ ಕೊಟ್ಟೋರಿಗೇ ವಾಪಸ್."

ಮೊದಲನೆಯದು ಹಾಕು ಅಂದೆ. ಇದರಲ್ಲಿ ಯೋಚಿಸುವುದೇನಿದೆ?

ಸೊಸೆ ನಿರ್ಮಲಾ ನನ್ನ ಕೈ ಹಿಡಿದು ಹೊರಗೆ ಎಳೆದಳು. "ಅತ್ತಿ, ನಿಮಗ ಬುದ್ಧಿ ಐತೇನ್ರಿ? ಬೆಳದ ಹುಡುಗಿ. ಮೋಟುಗಾಲು ಮಂದಿಗೆಲ್ಲಾ ತೋರಿಸಿದ್ರ ನಾಳೆ ಯಾರು ಮಾಡ್ಕೊಂತಾರ?"

"ಕಾಲು ಹೋಗಿದ್ದು ಊರಿಗೆ ಗೊತ್ತಿಲ್ಲೇನು?"

"ಗೊತ್ತಿರೋದು ಬ್ಯಾರೆ, ಕಣ್ಲೆ ನೋಡೋದು ಬ್ಯಾರೆ. ಆ ಫೋಟೋ ಯಾರ್‍ಯಾರ ಮನಿಯಾಗ ಹೋಗಿ ಕುಂದರ್ತೈತೋ!"

ಒಳಗಿನಿಂದ ಶೈಲಾ ಕೂಗಿದಳು: "ಪ್ರಕಾಶಣ್ಣ, ಅವ್ವಗ ಅಳಿಯ ಬೇಕಂತ. ನನಗ ಕಾಲು ಬೇಕು. ಎರಡೂ ಸಿಗೋ ವೆಬ್‌ಸೈಟ್ ಐತೇನು ನೋಡು."

ಅವಳೊಬ್ಬಳೇ ನಕ್ಕಳು.

ಎರಡನೆಯದೇ ಗೆದ್ದಿತು. ಯಾಕೆ? ನಿರ್ಮಲಾ ಊಟ ಬಿಟ್ಟಳು, ಅದಕ್ಕೆ.

ಫೋಟೋಕ್ಕೆ ತಾಯಿ ಮಗಳು ಸ್ಟುಡಿಯೋಗೆ ಹೋದರು. ನಮ್ಮೂರಲ್ಲಿ ಬೆಳೆದ ಹುಡುಗಿ ಸೀರೆ ಉಟ್ಟು ಸ್ಟುಡಿಯೋಗೆ ಹೋದಳು ಅಂದರೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಅಂತಲೇ ಅರ್ಥ. ಸ್ಟುಡಿಯೋದವನೂ ರೂಢಿಯಂತೆ ಸ್ಟೂಲಿನ ಮೇಲೆ ಕೂರಿಸಿದ. ಪೌಡರ್ ಕೊಟ್ಟ. ಡ್ರಾಯರ್ ತೆಗೆದು ತನ್ನ ಗಿಲೀಟಿನ ಸರ ಕೊರಳಿಗೆ ಹಾಕಿಸಿದ. ಸೊಂಟದ ಮೇಲೆ ತೆಗೆದ. (ಆ ಸರ ಯಾರಿಗೆ ಗೊತ್ತಿಲ್ಲ? ಕೂಡ್ಲಿಗಿ, ಹರಪನಹಳ್ಳಿಯ ಎಷ್ಟು ಅತ್ತೆಯರು ಅದನ್ನು ಫೋಟೋದಲ್ಲಿ ನೋಡಿ ಒಪ್ಪಿ, ಮದುವೆ ದಿನ "ಎಲ್ಲಿ ಆ ಸರ" ಅಂದಿದ್ದಾರೋ!)

ಫೋಟೋ ಚಂದ ಬಂದಿತ್ತು. ಅದೇ ಕೆಟ್ಟಿದ್ದು.

ದುಡ್ಡು ಬರತೊಡಗಿತು. ಅದರ ಹಿಂದೆಯೇ ಪ್ರಶ್ನೆಗಳೂ ಬಂದವು. ಪ್ರಕಾಶ ಓದಿ ಹೇಳಿದ. "ಕೊರಳಾಗ ಅಷ್ಟು ಬಂಗಾರ ಐತಿ, ಮಾರಬಾರದೇನು ಅಂತ ಕೇಳ್ಯಾರ ಅಜ್ಜಿ."

"ಗಿಲೀಟು ಅಂತ ಬರಿ."

"ಬರದೆ. ಹಂಗಾದ್ರ ಕಾಲು ತೋರಿಸ್ರಿ ಅಂತಾರ. ಹುಡುಗಿಗೆ ಏನೂ ಆಗಿಲ್ಲ, ಇದು ಮೋಸ ಅಂತನೂ ಒಬ್ಬ ಬರದಾನ."

ಫೋಟೋ ಬದಲಿಸೋಣ ಅಂದೆ. ನಿರ್ಮಲಾ "ನಂಬೋರು ನಂಬ್ತಾರ" ಅಂದಳು. ನಂಬಿದರು ಕೂಡ. ಗುರುತಿಲ್ಲ ಪರಿಚಯವಿಲ್ಲ, ಎಲ್ಲೋ ಕುಳಿತವರು ಆ ಪೌಡರ್ ಮುಖ ನೋಡಿಯೇ ಕೊಟ್ಟರು. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಆದರೆ ಅಂಥವರು ಸಾಲಲಿಲ್ಲ.

ಕಳೆದ ಸೋಮವಾರ ಗಡುವು ಮುಗಿಯಿತು. ಅರ್ಧಕ್ಕಿಂತ ಹೆಚ್ಚು ಕೂಡಿತ್ತು. ಎಲ್ಲಾ ವಾಪಸ್.

"ಬಂದಷ್ಟಾದ್ರೂ ಕೊಡಂಗಿಲ್ಲೇನಪ್ಪಾ?" ನಿರ್ಮಲಾ ಕಂಪ್ಯೂಟರಿಗೇ ಕೈ ಮುಗಿದು ಕೇಳಿದಳು.

ವೆಬ್‌ಸೈಟಿನವರನ್ನು ಬೈಯಲೇ? ಅವರು ಕಟ್ಟಳೆ ಮೊದಲೇ ಹೇಳಿದ್ದರು. ಪ್ರಶ್ನೆ ಕೇಳಿದವರನ್ನು ಬೈಯಲೇ? ದುಡ್ಡು ಕೊಡುವವರು ಕೇಳುತ್ತಾರೆ. ಸಂತೆಯಲ್ಲಿ ಎತ್ತಿನ ಕುಂಟು ಮುಚ್ಚಿ ಮಾರುವವನಿಗೆ ಕಳ್ಳ ಅನ್ನುತ್ತೇವೆ. ಮಗಳ ಕಾಲು ಮುಚ್ಚಿದರೆ ಅದು ಮರ್ಯಾದೆ ಹೇಗಾಗುತ್ತದೆ? ಇನ್ನೂ ಗೊತ್ತೇ ಇಲ್ಲದ ಒಬ್ಬ ಗಂಡಿಗಾಗಿ, ಅವನ ಇನ್ನೂ ಕಾಣದ ತಾಯಿಗಾಗಿ, ಕೈಗೆ ಬರಬೇಕಿದ್ದ ಕಾಲನ್ನು ಬಿಟ್ಟುಕೊಟ್ಟೆವು. ಆ ಗಂಡು ನಾಳೆ ಬಂದು ಇವಳನ್ನು ಹೊತ್ತುಕೊಂಡು ಓಡಾಡುತ್ತಾನೇನು?

ಸೈಬರ್‌ನಿಂದ ಬರುವಾಗ ನಿರ್ಮಲಾ ಅಳುತ್ತಾ ಮುಂದೆ ಹೋದಳು. ಶೈಲಾ ಊರುಗೋಲು ಊರಿಕೊಂಡು ನನ್ನ ಜೊತೆ ಬರುತ್ತಿದ್ದಳು. ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು.

"ಅಜ್ಜಿ, ಮೊದಲನೇದಕ್ಕ ಹಾಕಸು. ನಾ ನಿಂತು ತಗಸ್ಕೊಂತೀನಿ. ಕುಂತ್ರ ಎಲ್ಲಾರ ಹಂಗ ಕಾಣ್ತೀನಿ."

"ನಿಮ್ಮವ್ವ?"

"ಅವ್ವ ಅಳ್ತಾಳ. ಕಾಲು ಬಂದ್ರೂ ಅಳ್ತಾಳ ಬಿಡು."

ಮರುದಿನ ಬೆಳಿಗ್ಗೆ ಅವಳನ್ನು ಸ್ಟುಡಿಯೋಗೆ ಕರೆದೊಯ್ದೆ. ಸ್ಟುಡಿಯೋದವನು ರೂಢಿಯಂತೆ ಸ್ಟೂಲು ತಂದಿಟ್ಟು ಸರದ ಡ್ರಾಯರಿಗೆ ಕೈ ಹಾಕಿದ. ನಾನು ಸ್ಟೂಲನ್ನು ಕಾಲಿನಿಂದ ಆಚೆ ತಳ್ಳಿ, ಎರಡೂ ಊರುಗೋಲಿನ ಮೇಲೆ ನಿಂತ ಮೊಮ್ಮಗಳ ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, "ಈಗ ತೆಗಿ" ಅಂದೆ.