ಒಂದು ದಿನ ಮೊದಲೇ ಬಂದ ಕೆಡ್ಡಸ

ಭೂತ ಕಂಡಿತು, ಶಕುನ ನುಡಿಯಿತು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಪುತ್ತೂರಿನಲ್ಲಿ ವಿಜ್ಞಾನ ಓದಿ, ಕಡಬದ ಹತ್ತಿರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮನಿಗೆ ಅಷ್ಟು ಬಿಗುಮಾನ ಇರಬೇಕಾದದ್ದೇ. ಈಗಲೂ ನಾನು ಪೂರ್ತಿ ಬದಲಾಗಿಲ್ಲ. ಆದರೂ ಒಂದು ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಲೇಬೇಕೆಂದು ಕುಳಿತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ, ಅಣ್ಣ, ನಾನು ಕೋಡಿಂಬಾಳದ ಒಂದು ಗೇರುಗುಡ್ಡೆಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದೆವು. ಮನೆ ಆಯಿತು, ನೀರಿಲ್ಲ. ಅಮ್ಮ ಕೆಳಗಿನ ತೋಡಿನಿಂದ ಕೊಡ ಹೊತ್ತು ಗುಡ್ಡೆ ಹತ್ತುತ್ತಿದ್ದರು. ಬೇಸಗೆ ಬಂದರೆ ಆ ತೋಡೂ ಬತ್ತುತ್ತದೆ. ಅಷ್ಟರೊಳಗೆ ಬಾವಿ ಆಗಲೇಬೇಕೆಂದು ಅಣ್ಣ ಹಟ ಹಿಡಿದ. ಮೇಲಿನ ಕೆಂಪು ಮುರಕಲ್ಲು ಕಡಿದು, ಅದರಡಿಯ ಬಿಳಿ ಶೇಡಿಮಣ್ಣಿನವರೆಗೆ ತಾನೇ ಇಳಿದು ಅಗೆದಿದ್ದ. ಮಣ್ಣಿನಲ್ಲಿ ಪಸೆ ಕಾಣಿಸಿಕೊಂಡಿತ್ತು. ಇನ್ನು ಸ್ವಲ್ಪ ಇಳಿದರೆ ನೀರು ಎಂಬ ಹೊತ್ತಿಗೆ ಕೆಡ್ಡಸ ಬಂತು.

ಕೆಡ್ಡಸವೆಂದರೆ ನಾವು ತುಳುವರು ವಸಂತವನ್ನು ಬರಮಾಡಿಕೊಳ್ಳುವ ಹಬ್ಬ. ಮಾವು, ಗೇರು ಹೂ ಬಿಟ್ಟು ಒಣಗಾಳಿ ಬೀಸುವ ಆ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿಕೆ. ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ನಾಲ್ಕನೆಯ ದಿನ ಹೆಂಗಸರು ತುಳಸಿಕಟ್ಟೆಯ ಬಳಿ ನೆಲಕ್ಕೆ ಎಣ್ಣೆ, ಸೀಗೆ, ಅರಸಿನ ಬಿಟ್ಟು ಅವಳನ್ನು ಮೀಯಿಸುತ್ತಾರೆ. ಹಬ್ಬದ ಮುನ್ನಾದಿನ ಒಬ್ಬರು ಮನೆಮನೆಗೆ ಬಂದು ನಾಳೆ ಕೆಡ್ಡಸವೆಂದು ಹೇಳಿ ಹೋಗುವ ಪದ್ಧತಿಯೂ ಉಂಟು. ನಮ್ಮ ಕಡೆಗೆ ಬರುತ್ತಿದ್ದವರು ತುಕ್ರಜ್ಜ. ಅವರು ಅಂಗಳಕ್ಕೆ ಬಂದು ಹೇಳಿದ ಮೇಲೆ ಅಮ್ಮನ ಮಟ್ಟಿಗೆ ಕೆಡ್ಡಸ ಶುರುವಾದಂತೆ. ಹಾರೆ, ಪಿಕ್ಕಾಸು ಒಳಗೆ ಹೋಗಬೇಕು.

ಅಣ್ಣನಿಗೆ ಇದೆಲ್ಲ ಕಿರಿಕಿರಿ. ಆದರೂ ಅಮ್ಮನ ಮುಖ ನೋಡಿ ಮೂರು ದಿನ ಬಿಡಲು ಒಪ್ಪಿದ್ದ. ಆ ವರ್ಷ ಸೋಮವಾರ ಕೆಡ್ಡಸ. ಮೇಲೆ ನಿಂತು ಮಣ್ಣು ಎಳೆಯುತ್ತಿದ್ದ ಕೆಲಸದ ಬಾಬು ಶನಿವಾರವೇ ಊರಿಗೆ ಹೋಗುವವನಾದ್ದರಿಂದ ಭಾನುವಾರ ಅಣ್ಣ ಕೆಳಗಿಳಿಯುವುದು, ನಾನು ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುವುದು ಎಂದು ಮಾತಾಗಿತ್ತು. ಅಷ್ಟು ಗಟ್ಟಿಗಿತ್ತಿ ನಾನು ಆಗ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ನಾನು ಉಂಡು ಜಗಲಿಯಲ್ಲಿ ಕುಳಿತಿದ್ದೆ. ತುಕ್ರಜ್ಜ ಬೇಲಿಯ ದಣಪೆ ದಾಟಿ ಬಂದರು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಹೆಗಲಲ್ಲಿ ಬಟ್ಟೆಯ ಚೀಲ. ಎಂದಿನ ಜಾಗದಲ್ಲಿ ನಿಂತು, ಎಂದಿನ ಧ್ವನಿಯಲ್ಲಿ ಹೇಳಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಮ್ಮಾ, ನಾಳೆ ಕೆಡ್ಡಸ. ನೆಲ ಮುಟ್ಟಬೇಡಿ."

"ನಾಳೆ ಅಲ್ಲ ಅಜ್ಜ, ನಾಡಿದ್ದು. ಕ್ಯಾಲೆಂಡರಿನಲ್ಲಿ ಉಂಟಲ್ಲ" ಎಂದೆ ನಾನು.

ಅವರು ನನ್ನ ಕಡೆ ನೋಡಲಿಲ್ಲ. ಅಮ್ಮ ಗೆರಸೆಯಲ್ಲಿ ಅಕ್ಕಿ, ಮೆಣಸು, ಉಪ್ಪು ತಂದು ಅವರ ಚೀಲಕ್ಕೆ ಸುರಿದರು. ಬಾವಿಯ ಕಡೆಯಿಂದ ಕೆಸರು ಕಾಲಲ್ಲೇ ಬಂದ ಅಣ್ಣನೂ ಅದನ್ನು ನೋಡಿದ. ತುಕ್ರಜ್ಜ ಅಮ್ಮ ಕೊಟ್ಟ ಬೆಲ್ಲ ಕಚ್ಚಿ, ನೀರು ಕುಡಿದು, ಚೆಂಬು ಬೋರಲು ಹಾಕಿ ಬಂದ ದಾರಿಯಲ್ಲೇ ಹೋದರು.

ಆಮೇಲೆ ಮನೆಯಲ್ಲಿ ನಡೆದದ್ದು ಸಣ್ಣ ಯುದ್ಧ. "ಅವರಿಗೆ ದಿನ ತಪ್ಪಿದೆ ಅಮ್ಮ, ನಾಳೆ ಒಂದು ದಿನ ಸಿಕ್ಕಿದ್ರೆ ನೀರೇ ಬರ್ತದೆ" ಎಂದ ಅಣ್ಣ. ನಾನು ಅಣ್ಣನ ಪಕ್ಷ. ಅಮ್ಮ ಹೆಚ್ಚು ಮಾತಾಡಲಿಲ್ಲ. "ಅಂಗಳಕ್ಕೆ ಬಂದು ಹೇಳಿ ಆಯ್ತು, ನಾನು ಅಕ್ಕಿ ಕೊಟ್ಟೂ ಆಯ್ತು. ಇನ್ನು ನೀನು ಇಳಿಯುದಾದ್ರೆ ನನ್ನನ್ನು ದಾಟಿ ಇಳಿ" ಎಂದರು. ಹೇಳಿದಂತೆಯೇ ಭಾನುವಾರ ಬೆಳಿಗ್ಗೆ ಬಾವಿಗೆ ಹೋಗುವ ದಾರಿಯಲ್ಲಿ ಮಣೆ ಹಾಕಿ ಕುಳಿತರು. ಅಣ್ಣ ಹಲ್ಲು ಕಚ್ಚಿಕೊಂಡು ಜಗಲಿಯ ಮೂಲೆ ಸೇರಿದ.

ಬಿಸಿಲೇರುತ್ತಿದ್ದ ಹೊತ್ತು. ಅಮ್ಮನ ಸಮಾಧಾನಕ್ಕೆಂದು ನಾನು ಕೆಡ್ಡಸದ ಸಿಹಿಹಿಟ್ಟು ನನ್ನೆರಿಗೆ ಕುಚ್ಚಲಕ್ಕಿ ಹುರಿಯುತ್ತಿದ್ದೆ. ಗುಡ್ಡೆಯ ಹೊಟ್ಟೆಯೊಳಗೆ ಏನೋ ಮಗುಚಿದಂಥ ಸದ್ದು ಕೇಳಿತು. ಒಲೆಯ ಬಳಿಯ ನೆಲ ಅದುರಿತು. ಓಡಿ ಹೋಗಿ ನೋಡಿದರೆ ಬಾವಿಯ ಒಂದು ಬದಿ ಇಡಿಯಾಗಿ ಜರಿದು ಬಿದ್ದಿತ್ತು. ಶೇಡಿಮಣ್ಣು ಜಾರಿ, ಅದರ ಮೇಲಿದ್ದ ಮುರಕಲ್ಲಿನ ಚಪ್ಪಡಿಗಳು ಕೆಳಗೆ ಕುಸಿದು, ಅಣ್ಣ ನಿಂತು ಅಗೆಯುತ್ತಿದ್ದ ತಳ ಕಾಣದಂತೆ ಮುಚ್ಚಿಹೋಗಿತ್ತು. ಅಣ್ಣ ನನ್ನ ಪಕ್ಕದಲ್ಲಿದ್ದ. ನಾನು ಅವನ ತೋಳು ಹಿಡಿದುಕೊಂಡೆ, ಬಹಳ ಹೊತ್ತು ಬಿಡಲಿಲ್ಲ.

ಇಷ್ಟೇ ಆಗಿದ್ದರೆ ತುಕ್ರಜ್ಜನಿಗೆ ದಿನ ತಪ್ಪಿದ್ದು ನಮ್ಮ ಪುಣ್ಯವೆಂದು ಸುಮ್ಮನಾಗುತ್ತಿದ್ದೆ. ಆದರೆ ಅದೇ ಭಾನುವಾರ ಮಧ್ಯಾಹ್ನ ತುಕ್ರಜ್ಜ ಮತ್ತೆ ದಣಪೆ ದಾಟಿ ಬಂದರು. ಈ ಸಲ ಕೋಲೂರಿಕೊಂಡು, ಏದುಸಿರು ಬಿಡುತ್ತಾ. ಎಂದಿನ ಜಾಗದಲ್ಲಿ ನಿಂತು, "ಅಮ್ಮಾ, ನಾಳೆ ಕೆಡ್ಡಸ" ಎಂದರು.

ಅಮ್ಮ, "ನಿನ್ನೆಯೇ ಬಂದು ಹೇಳಿದ್ರಲ್ಲ ಅಜ್ಜ" ಎಂದರು.

"ನಿನ್ನೆಯಾ? ನಾನು ರಾಮಕುಂಜದಲ್ಲಿ ಮಗಳ ಮನೆಯಲ್ಲಿದ್ದೆ ಅಮ್ಮ. ಜ್ವರ ಬಂದು ಮಲಗಿದ್ದು. ಇವತ್ತು ಬೆಳಿಗ್ಗೆ ಬಸ್ಸಿಗೆ ಬಂದದ್ದಷ್ಟೆ."

ಅಣ್ಣ ಅವರನ್ನು ಬಾವಿಯ ಬಳಿಗೆ ಕರೆದುಕೊಂಡು ಹೋಗಿ ತೋರಿಸಿ, ಎಲ್ಲವನ್ನೂ ಹೇಳಿದ. ಅಜ್ಜ ಹಿಗ್ಗಲಿಲ್ಲ, ಹೆದರಿದರು. "ಸರಿಯಾಗಿ ನನ್ನ ಹಾಗೇ ಇದ್ದನಾ?" ಎಂದು ಎರಡು ಸಲ ಕೇಳಿದರು. ಅಮ್ಮ ಅಕ್ಕಿ ತಂದರೆ ಕೈ ಒಡ್ಡಲಿಲ್ಲ. ಒಂದು ಕೆಡ್ಡಸಕ್ಕೆ ಒಂದು ಮನೆಯಿಂದ ಎರಡು ಸಲ ತೆಗೆದುಕೊಳ್ಳುವ ಕ್ರಮ ಇಲ್ಲವಂತೆ. ಬರಿಗೈಯಲ್ಲೇ ಇಳಿದು ಹೋದರು.

ನಾನು ಬಿಡುವವಳಲ್ಲ. ಕೆಡ್ಡಸ ಮುಗಿದದ್ದೇ ವಿಚಾರಣೆಗೆ ಹೊರಟೆ. ರಾಮಕುಂಜಕ್ಕೆ ಹೋಗಿ ಅವರ ಮಗಳನ್ನು ಕಂಡೆ. ಶನಿವಾರ ಇಡೀ ದಿನ ಅಪ್ಪ ಚಾಪೆ ಬಿಟ್ಟು ಏಳಲಿಲ್ಲ, ಗಂಜಿಯನ್ನೂ ತಾನೇ ಕುಡಿಸಿದೆ ಎಂದಳು. ನಮ್ಮ ದಾರಿಯಲ್ಲಿರುವ ಮನೆಗಳಲ್ಲೆಲ್ಲ ಕೇಳಿದೆ. ಶನಿವಾರ ಯಾರ ಅಂಗಳಕ್ಕೂ ಯಾರೂ ಬಂದಿರಲಿಲ್ಲ. ಬಾವಿ ಕೆಲಸ ನಿಲ್ಲಿಸಲು ಅಮ್ಮನೇ ಯಾರಿಗೋ ಹೇಳಿ ಕಳಿಸಿ ಹೂಡಿದ ಆಟವಾ ಇದು ಎಂದು ಅಣ್ಣ ಒಮ್ಮೆ ಕೇಳಿಯೂ ಬಿಟ್ಟ. ಅಮ್ಮ ಅತ್ತರು. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತು. ಅಲ್ಲದೆ ವರ್ಷಗಟ್ಟಲೆ ಕಂಡ ಮುಖ ಅದು, ನಡುಹಗಲಿನ ಬೆಳಕು ಬೇರೆ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ಗುಡ್ಡೆಯ ಇನ್ನೊಂದು ಮಗ್ಗುಲಲ್ಲಿ, ಗಟ್ಟಿ ನೆಲ ನೋಡಿ ಮತ್ತೊಂದು ಬಾವಿಗೆ ಹಾರೆ ಹಾಕಿದ. ಬೇಸಗೆಯ ಕೊನೆಗೆ ನೀರು ಬಂತು. ಅದನ್ನೇ ಈಗಲೂ ಕುಡಿಯುತ್ತಿದ್ದೇವೆ.

ಎಂಬತ್ತರ ದಶಕದ ನಡುವೆ ತುಕ್ರಜ್ಜ ಹೋಗಿಬಿಟ್ಟರು. ಅಲ್ಲಿಯವರೆಗೆ ಪ್ರತಿ ವರ್ಷ ಕೆಡ್ಡಸ ಹೇಳಲು ಬಂದಾಗಲೂ ಅಂಗಳದ ಅಂಚಿನಲ್ಲೇ ನಿಂತು, "ನನಗಿಂತ ಮೊದಲು ಯಾರಾದ್ರೂ ಬಂದಿದ್ರಾ?" ಎಂದು ಕೇಳುತ್ತಿದ್ದರು. ಇಲ್ಲವೆಂದ ಮೇಲೆಯೇ ಮುಂದೆ ಬರುತ್ತಿದ್ದರು.

ಅಮ್ಮನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಭೂಮಿತಾಯಿಯೇ ಹೇಳಿ ಕಳಿಸಿದಳು, ಮಗ ಉಳಿದ, ಮುಗಿಯಿತು. ಅಣ್ಣನೂ ನಿಧಾನವಾಗಿ ಅದನ್ನೇ ಒಪ್ಪಿಕೊಂಡ. ನನಗೆ ಮಾತ್ರ ಒಪ್ಪಲು ಆಗಲಿಲ್ಲ, ಈಗಲೂ ಆಗುತ್ತಿಲ್ಲ. ಅದಕ್ಕೆ ಕಾರಣ ನನ್ನ ವಿಜ್ಞಾನವಲ್ಲ. ಅದೇ ಬೇಸಗೆಯಲ್ಲಿ ನನ್ನ ತರಗತಿಯ ಒಬ್ಬಳು ಹುಡುಗಿಯ ತಂದೆ ಇಂಥದೇ ಬಾವಿಯಲ್ಲಿ ಮಣ್ಣು ಜರಿದು ತೀರಿಕೊಂಡ. ಕೆಡ್ಡಸವನ್ನು ಒಂದು ವರ್ಷವೂ ತಪ್ಪಿಸದ ಮನೆ ಅದು. ನಾನು ನೋಡಲು ಹೋದಾಗ ಆ ಹುಡುಗಿ ಅಂಗಳದಲ್ಲಿ ಕುಳಿತು ಅಪ್ಪನ ಹಾರೆಯ ಮಣ್ಣು ಕೆರೆಯುತ್ತಿದ್ದಳು. ಮಾತಿಗೆಂದು ಕೇಳಿದೆ, ಹಿಂದಿನ ದಿನ ಮನೆಗೆ ಯಾರಾದರೂ ಬಂದಿದ್ದರಾ ಎಂದು.

"ಯಾರೂ ಬರ್ಲಿಲ್ಲ ಟೀಚರ್" ಎಂದಳು.