ಹುಳ ಹಣ್ಣಾದ ದಿನದ ವಾಯಿದೆ

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯ ಚರಂಡಿ ಬಳಿದ ಪೌರಕಾರ್ಮಿಕರು ಹೋಗುವಾಗ ಎರಡೂ ಬದಿಗೆ ಬ್ಲೀಚಿಂಗ್ ಪುಡಿ ಎರಚಿ ಹೋದರು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ನನ್ನವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೋಡಿದಳು. ನಾನೊಬ್ಬ ಮಾತ್ರ, ಯಾರ ಮನೆಯಲ್ಲೋ ಒಗ್ಗರಣೆ ಬಿದ್ದಿದೆಯೇನೋ ಎಂಬಂತೆ, ಗೇಟು ಹಿಡಿದುಕೊಂಡು ಮೂಗರಳಿಸಿ ನಿಂತಿದ್ದೆ. "ಏನ್ರೀ, ನಿಮಗೆ ಬುದ್ಧಿ ಗಿದ್ಧಿ ನೆಟ್ಟಗಿದೆಯಾ?" ಎಂದು ಒಳಗಿನಿಂದ ಕೇಳಿದಳು. ಮದುವೆಯಾದಾಗಿನಿಂದ ಈ ಪ್ರಶ್ನೆ ಕೇಳುತ್ತಲೇ ಇದ್ದಾಳೆ, ನಾನು ಉತ್ತರ ಕೊಟ್ಟಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ. ಅದು ನಮ್ಮ ಚಿಕ್ಕತಾಯಿ ಅತ್ತೆಯ ಹುಳದ ಮನೆಯ ವಾಸನೆ.

ಅತ್ತೆ ನಮ್ಮಪ್ಪನ ತಂಗಿ, ಚಿಕ್ಕತಾಯಿ ಅನ್ನುವುದು ಅವರ ಹೆಸರು. ಗಂಡ ಬೇಗ ತೀರಿಕೊಂಡಿದ್ದರು. ಇದ್ದದ್ದು ಒಬ್ಬಳು ಮಗಳು ಸವಿತಾ, ಒಂದು ತುಂಡು ಹಿಪ್ಪುನೇರಳೆ ತೋಟ, ಮನೆಗೆ ತಾಗಿಕೊಂಡ ಹಾಗೆ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಪ್ರತಿ ಬೆಳೆಗೂ ಮುಂಚೆ ಅದನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಉಜ್ಜಿ ತೊಳೆಯುವುದು ಒಂದು ಮದುವೆ ಮನೆಯ ಕೆಲಸ. ಹುಳ ಬಂದ ಮೇಲೆ ಯಾರೂ ಬಾಗಿಲ ಹತ್ತಿರ ಸುಳಿಯುವಂತಿಲ್ಲ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಗತ್ತಿನಿಂದ ಹೋದರೆ, "ನಿಂತ್ಕಳ್ಲಾ ಅಲ್ಲೇ! ಕಾಲ್ಗೆ ಸುಣ್ಣದ್ ನೀರ್ ಹುಯ್ಕೊಂಡ್ಯಾ? ಯಾವ್ ಯಾವ್ ಊರಿನ್ ಗಲೀಜು ತುಳ್ಕೊಂಡ್ ಬಂದಿದ್ದೀಯೋ!" ಎಂದು ಗದರಿಸುತ್ತಿದ್ದರು. ನನ್ನ ಶಿಷ್ಯರು ಯಾರಾದರೂ ಅದನ್ನು ಕೇಳಿಸಿಕೊಂಡಿದ್ದರೆ ನನ್ನ ಕ್ಲಾಸು ಅವತ್ತಿಗೇ ಮುಗಿಯುತ್ತಿತ್ತು.

ಅತ್ತೆಗೆ ಒಂದು ಕೇಸಿತ್ತು. ಮನೆಯಿಂದ ತೋಟಕ್ಕೆ ಹೋಗುವ ಬಂಡಿದಾರಿ ಬೋರೇಗೌಡರ ಹೊಲದ ಅಂಚಿನಲ್ಲಿ ಹಾದುಹೋಗುತ್ತಿತ್ತು. ಬೋರೇಗೌಡರು ಬೇರೆ ಯಾರೂ ಅಲ್ಲ, ಅತ್ತೆಯ ಗಂಡನ ದಾಯಾದಿ ತಮ್ಮ. ಅತ್ತೆಯ ಗಂಡ ಇರುವಷ್ಟು ದಿನ ದಾರಿ ದಾರಿಯಾಗಿಯೇ ಇತ್ತು. ಅವರು ಹೋದ ಮೇಲೆ ಒಂದು ದಿನ ಬೋರೇಗೌಡರು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ನಮ್ಮ ಸೀಮೆಯಲ್ಲಿ ಕಲ್ಲಿಗೇನು ಬರ, ಕೇಳಿದಷ್ಟು ಕಂಬ ಸಿಗುತ್ತದೆ. ಅವತ್ತಿನಿಂದ ಅತ್ತೆ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತು, ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ಮನೆಗೆ ತರಬೇಕಾಯಿತು. ಬರುವಷ್ಟರಲ್ಲಿ ಸೊಪ್ಪು ಬಾಡುತ್ತಿತ್ತು. ಬಾಡಿದ ಸೊಪ್ಪು ತಿಂದ ಹುಳ ಸಪ್ಪೆ ರೋಗ ಬಂದು ತಟ್ಟೆಯಲ್ಲೇ ಮೆತ್ತಗಾಗಿ ಸಾಯುತ್ತಿದ್ದವು. ದಾರಿ ಇಲ್ಲದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ತಾಯಿ ಮಗಳಿಬ್ಬರಿಗೂ ಏನೂ ಇಲ್ಲ. ಇಷ್ಟೇ ಕೇಸು.

ಯಾವ ಊರಿನ ಕೋರ್ಟು ಎಂದು ಕೇಳಬೇಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಿಮಗೆ ಇಷ್ಟ ಬಂದದ್ದನ್ನು ಇಟ್ಟುಕೊಳ್ಳಿ. ಎಲ್ಲಿ ಹೋದರೂ ಅದೇ ಹುಣಸೆ ಮರ, ಅದರಡಿಯಲ್ಲಿ ಅದೇ ಟೈಪಿನವರು, ಅದೇ ಟೀ ಅಂಗಡಿ, ಅದೇ ಮುಖ ಬಾಡಿದ ಜನ. ಆಗ ನಮ್ಮ ಬಾಡಿಗೆ ಮನೆ ಕೋರ್ಟಿನ ಹಿಂದಿನ ಬೀದಿಯಲ್ಲೇ ಇತ್ತು. ಹಾಗಾಗಿ ವಾಯಿದೆಯ ದಿನ ಅತ್ತೆಯ ಊಟ ನಮ್ಮಲ್ಲೇ. ಬೆಳಗಿನ ಬಸ್ಸಿಗೆ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು ಬರುತ್ತಿದ್ದರು. "ಯಾಕತ್ತೆ ಇಷ್ಟೊಂದು ಸಿಂಗಾರ?" ಎಂದು ನಾನು ರೇಗಿಸಿದರೆ, "ಸುಮ್ಕಿರ್ಲಾ, ನ್ಯಾಯ ಹೇಳೋ ಜಾಗಕ್ಕೆ ಹೊಲಕ್ ಹೋದಂಗೆ ಹೋಗಕಾದದಾ?" ಅನ್ನುತ್ತಿದ್ದರು.

ತಮ್ಮ ಹೆಸರು ಕೂಗುವುದನ್ನು ಕೇಳುವುದೆಂದರೆ ಅವರಿಗೆ ಏನೋ ಹಿಗ್ಗು. ಜವಾನ ಬಾಗಿಲಿಗೆ ಬಂದು "ಚಿಕ್ಕತಾಯಮ್ಮಾ..." ಎಂದು ರಾಗ ಎಳೆದು ಕೂಗಿದರೆ, "ಬಂದೆ ಸಾಮೀ" ಎಂದು ಸೆರಗು ಸರಿಮಾಡಿಕೊಂಡು ಓಡುತ್ತಿದ್ದರು. ಒಳಗೆ ಹೋಗಿ ಕೈಮುಗಿಯುವಷ್ಟರಲ್ಲಿ ಅವರ ಕೆಲಸ ಮುಗಿಯುತ್ತಿತ್ತು. ಒಮ್ಮೆ ಸಾಹೇಬರು ರಜೆ, ಒಮ್ಮೆ ಸಾಹೇಬರಿಗೆ ವರ್ಗ, ಒಮ್ಮೆ ವಕೀಲರೆಲ್ಲರ ಕಲಾಪ ಬಹಿಷ್ಕಾರ, ಒಮ್ಮೆ ಬೋರೇಗೌಡರ ವಕೀಲರ ಮಾವನವರಿಗೆ ಸೀರಿಯಸ್ಸು. ಆ ಮಾವನವರು ಪುಣ್ಯಾತ್ಮರು, ಹಲವು ಸಲ ಸೀರಿಯಸ್ಸಾಗಿ ಹಲವು ಸಲ ಚೇತರಿಸಿಕೊಂಡರು. ನಾನಂತೂ ಆ ಕಾಲದಲ್ಲಿ ಒಂಬತ್ತನೇ ತರಗತಿಗೆ 'ನ್ಯಾಯಾಂಗ' ಎಂಬ ಪಾಠ ಮಾಡಿ, ಮಧ್ಯಾಹ್ನ ಮನೆಗೆ ಬಂದು, ಮುದ್ದೆ ಮುರಿಯುತ್ತ ಕುಳಿತ ಅತ್ತೆಯ ಮುಖ ನೋಡಿ, "ಏನಾಯ್ತತ್ತೆ?" ಎನ್ನುತ್ತಿದ್ದೆ. "ವಾಯಿದೆ ಕೊಟ್ರು ಕಣಪ್ಪ" ಎನ್ನುವುದು ಅವರ ಉತ್ತರ. ಏನೋ ಕೈಗೆ ಸಿಕ್ಕಿದೆ ಎಂಬಂತೆ ಹೇಳುತ್ತಿದ್ದರು ನೋಡಿ, ಕೊಟ್ರು ಅಂತ.

ಇನ್ನೊಂದು ವಿಚಿತ್ರ ಹೇಳಬೇಕು. ವಾದಿ, ಪ್ರತಿವಾದಿ ಇಬ್ಬರೂ ಬರುತ್ತಿದ್ದುದು ಒಂದೇ ಬಸ್ಸಿನಲ್ಲಿ. ಆ ಊರಿಗಿದ್ದದ್ದೇ ಒಂದು ಬಸ್ಸು, ಬೇರೆ ಏನು ಮಾಡುತ್ತಾರೆ? ಬೋರೇಗೌಡರಿಗೆ ಕಿವಿ ಒಸಿ ಮಂದ. ಕೋರ್ಟಿನಿಂದ ಹೊರಗೆ ಬಂದು, "ಅತ್ಗೆ, ಯಾವತ್ಗೆ ಹಾಕುದ್ರು?" ಎಂದು ಅತ್ತೆಯನ್ನೇ ಕೇಳುತ್ತಿದ್ದರು. ಅತ್ತೆ ಕೂಗಿ ಹೇಳುತ್ತಿದ್ದರು. ನಾನು ಸಿಟ್ಟಾಗಿ, "ಅವನಿಗ್ಯಾಕತ್ತೆ ನೀವು ಹೇಳೋದು?" ಎಂದರೆ, "ಪಾಪ, ಅವನ್ಗೆ ಕೇಳ್ಸಕಿಲ್ಲ ಕಣ್ಲಾ. ಜಗಳ ಇರಾದು ದಾರಿಗೆ, ಕಿವಿಗಲ್ವಲ್ಲ" ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ಅಂತೂ ಇಂತೂ ಅತ್ತೆಯ ಸಾಕ್ಷಿಗೆ ದಿನ ಗೊತ್ತಾಯಿತು. ಅವರ ವಕೀಲರು, "ಅಮ್ಮಾ, ಈ ಸಲ ತಪ್ಪಿಸ್ಬೇಡಿ" ಎಂದು ಹೇಳಿ ಕಳಿಸಿದ್ದರು. ಅತ್ತೆ ಲೆಕ್ಕ ಹಾಕಿಯೇ ಹುಳ ತಂದಿದ್ದರು, ಕೋರ್ಟಿನ ದಿನಕ್ಕೆ ಮುಂಚೆಯೇ ಗೂಡು ಕಟ್ಟಿ ಮುಗಿಯಬೇಕು ಎಂದು. ಆದರೆ ಆ ಸಲ ಚಳಿ ಬಿಡಲಿಲ್ಲ. ಚಳಿಗೆ ಹುಳ ತಿನ್ನುವುದು ನಿಧಾನ, ಬೆಳೆಯುವುದೂ ನಿಧಾನ. ಸರಿಯಾಗಿ ಕೋರ್ಟಿನ ದಿನ ಬೆಳಿಗ್ಗೆ ನೋಡುತ್ತಾರೆ, ಹುಳ ಹಣ್ಣಾಗಿವೆ. ರೇಷ್ಮೆ ಸಾಕದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಿಂದಾಗಲೇ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ಸಿಕ್ಕ ಸಿಕ್ಕಲ್ಲಿ ನೂಲು ಬಿಟ್ಟು ಅಷ್ಟೂ ದಿನದ ದುಡಿಮೆ ಹಾಳಾಗುತ್ತದೆ. ಆ ದಿನ ಊರಿನಲ್ಲಿ ಎಂಥ ಜಗಳವಿದ್ದರೂ ನೆರೆಯವರು ಬಂದು ಹುಳ ಆರಿಸಿಕೊಡುತ್ತಾರೆ. ನಾಳೆ ಅವರ ಮನೆಯಲ್ಲಿ ಹಣ್ಣಾದಾಗ ಇವರು ಹೋಗುತ್ತಾರೆ. ಅವತ್ತು ಬೋರೇಗೌಡರ ಹೆಂಡತಿಯೂ ಬಂದು ಅತ್ತೆಯ ಪಕ್ಕದಲ್ಲೇ ಕುಳಿತು ಹುಳ ಆರಿಸುತ್ತಿದ್ದರು.

ಆಗ ಅತ್ತೆ ಮಾಡಿದ ಕೆಲಸ ಕೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಬಸ್ಸಿಗೆ ಹೊರಟಿದ್ದ ಬೋರೇಗೌಡರನ್ನು ಬಾಗಿಲಿನಿಂದಲೇ ಕೂಗಿ, "ಬೋರಣ್ಣ, ಹುಳ ಹಣ್ಣಾಗವೆ, ನಾನು ಬರಾಕಾಗಕಿಲ್ಲ. ನಮ್ ಲಾಯರ್ಗೆ ಒಂದ್ ಮಾತು ಹೇಳ್ಬುಡು. ವಾಯಿದೆ ಇಸ್ಕಳ್ಳಿ" ಎಂದರು. ಎದುರಾಳಿಯ ಬಾಯಲ್ಲಿ ತಮ್ಮ ವಕೀಲರಿಗೆ ಸುದ್ದಿ ಕಳಿಸಿದ ವಾದಿ ಇನ್ನೊಬ್ಬರಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅವನ ಹೆಂಡತಿ ಇಲ್ಲಿ ಹುಳ ಆರಿಸುತ್ತಿದ್ದಾಳೆ, ಅವನು ಅಲ್ಲಿ ಒಂದು ಮಾತು ಹೇಳುತ್ತಾನೆ. ಬೋರೇಗೌಡರೂ "ಆಯ್ತು ಕಣತ್ಗೆ" ಎಂದು ತಲೆಯಾಡಿಸಿಯೇ ಹೋದರು.

ಅವರು ಹೇಳಲಿಲ್ಲ. ಜವಾನ ರಾಗ ಎಳೆದು ಕೂಗಿದಾಗ ಬೋರೇಗೌಡರು ಬಾಗಿಲ ಪಕ್ಕದಲ್ಲೇ ನಿಂತಿದ್ದರಂತೆ. ಅತ್ತೆಯ ವಕೀಲರು ಅತ್ತಿತ್ತ ನೋಡಿ, ಕಾರಣ ಗೊತ್ತಿಲ್ಲದೆ, ಸುಮ್ಮನೆ ದಿನ ಕೇಳಿದರು. ಸಾಹೇಬರು ಅವತ್ತು ಹಳೆಯ ಕೇಸುಗಳನ್ನು ಕಡಿಮೆ ಮಾಡುವ ಹಟದಲ್ಲಿದ್ದರಂತೆ. ವಾದಿ ಗೈರು, ದಾವಾ ವಜಾ. ಅಷ್ಟು ವರ್ಷ ಎಲ್ಲರಿಗಾಗಿ ಕಾದಿದ್ದ ಕೋರ್ಟು ಅತ್ತೆಗಾಗಿ ಒಂದು ದಿನ ಕಾಯಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಸಂಜೆ ಸುದ್ದಿ ಗೊತ್ತಾದಾಗ ಅತ್ತೆ ಬೋರೇಗೌಡರ ಮನೆ ಬಾಗಿಲಿಗೆ ಹೋಗಿ ನಿಂತರು. ಬೈಯಲಿಲ್ಲ. "ಯಾಕೆ ಬೋರಣ್ಣ?" ಎಂದು ಕೇಳಿದರು. ಬೋರೇಗೌಡರು ನೆಲ ನೋಡಿಕೊಂಡು, "ನಮ್ ಲಾಯರು ಬಾಯ್ ಬುಡಬ್ಯಾಡ ಅಂದ್ಬುಟ್ರು ಅತ್ಗೆ. ಒಳಗಡೆ ನಮ್ ಮಾತು ನಡಿಯಕಿಲ್ಲ, ಅವರು ಹೇಳ್ದಂಗೆ ಇರ್ಬೇಕಂತೆ" ಎಂದರು. ಒಳಗೆ ಅವರ ಹೆಂಡತಿ ಅಳುತ್ತಿದ್ದರು. ಅವತ್ತಿನಿಂದ ಆ ಎರಡು ಮನೆಯವರು ಒಬ್ಬರ ಹುಳ ಇನ್ನೊಬ್ಬರು ಆರಿಸಲಿಲ್ಲ. ದಾರಿ ಮುಚ್ಚಿದಾಗಲೂ ಉಳಿದಿದ್ದ ಬಳಕೆ ಅವತ್ತು ಮುಚ್ಚಿಹೋಯಿತು.

ಕೇಸನ್ನು ಮತ್ತೆ ಎತ್ತಿಸಲು ಅರ್ಜಿ ಹಾಕಿದೆವು. ಆ ಅರ್ಜಿಗೂ ಒಂದು ವಾಯಿದೆ, ಮತ್ತೊಂದು ವಾಯಿದೆ. ನಡುವೆ ಬೋರೇಗೌಡರು ತೀರಿಕೊಂಡರು. ಅತ್ತೆ ಹೋಗಿ ಮಣ್ಣು ಹಾಕಿ ಬಂದರು. ತೀರಿಕೊಂಡವರ ಮೇಲೆ ಕೇಸು ನಡೆಯುವುದಿಲ್ಲ, ವಾರಸುದಾರರನ್ನು ಸೇರಿಸಬೇಕು ಎಂದರು, ಅದಕ್ಕೊಂದಿಷ್ಟು ವರ್ಷ ಹಿಡಿದು ಅಂತೂ ಕೇಸಿಗೆ ಮತ್ತೆ ಜೀವ ಬಂತು. ಸವಿತಾಳನ್ನು ಮಾಗಡಿ ಕಡೆಗೆ ಮದುವೆ ಮಾಡಿ ಕೊಟ್ಟೆವು. ಅತ್ತೆ ಮಾತ್ರ ಹೊರೆ ಹೊತ್ತು ಏರಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಬೇಡ ಬಿಡಿ ಅತ್ತೆ, ಹಸು ಕಟ್ಟಿಕೊಳ್ಳಿ" ಎಂದು ನಾನು ಹೇಳಿದರೆ, "ನಾನ್ ಬುಟ್ಬುಟ್ರೆ ತೋಟ ಬೀಳ್ತದೆ. ತೋಟ ಬಿದ್ಮೇಲೆ ದಾರಿ ಯಾಕಮ್ಮ ಅಂತಾರೆ ಕೋರ್ಟ್ನೋರು" ಎನ್ನುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಏರಿಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಲ್ಲಿಗೆ ಹುಳ ಸಾಕುವುದು ನಿಂತಿತು. ತೋಟದಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆಯಿತು.

ಆಮೇಲೆ ಹೊಸ ನ್ಯಾಯಾಧೀಶರೊಬ್ಬರು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೋಲೂರಿಕೊಂಡು ಬಂದ ಅತ್ತೆಗೆ ಮೊದಲು ಕುರ್ಚಿ ಹಾಕಿಸಿದರು. ಅವರ ಮಾತನ್ನು ಪೂರ್ತಿ ಕೇಳಿದರು. ಜಾಗ ನೋಡಿ ಬರಲು ಕೋರ್ಟ್ ಕಮಿಷನರನ್ನು ಕಳಿಸಿದರು, ಎರಡೂ ಕಡೆಯ ವಕೀಲರಿಗೆ ಸುಮ್ಮನೆ ದಿನ ಕೇಳಬೇಡಿ ಎಂದರು. ಒಂದು ಬೇಸಿಗೆ ಮುಗಿಯುವುದರೊಳಗೆ ತೀರ್ಪು ಬಂತು. ದಾರಿ ಅತ್ತೆಯದು. ನಾನು ಸಂತೋಷಪಡಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇದು ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸವೇ ಆಗಿತ್ತಲ್ಲ! ಅತ್ತೆ ಹೊರಗೆ ಬಂದು, "ಈವಮ್ಮನ ದೇವ್ರು ಚೆನ್ನಾಗಿಟ್ಟಿರ್ಲಿ. ಒಸಿ ಮುಂಚೆ ಬಂದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಕಂಬ ಕೀಳುವ ದಿನ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿದ್ದೆ, ಸವಿತಾಳೂ ಬಂದಿದ್ದಳು. ಕೋರ್ಟಿನ ಅಮೀನರು, ಇಬ್ಬರು ಪೊಲೀಸಿನವರು, ಒಂದು ಜೆಸಿಬಿ. ಬೋರೇಗೌಡರ ಮಗ ಹಾರೋಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ. ಅವನೇ ಹತ್ತಿರ ಬಂದು, "ನಂಗೇನು ಈ ದಾರಿ ಬೇಕಿರ್ಲಿಲ್ಲ ದೊಡ್ಡವ್ವ. ಕೋರ್ಟಲ್ಲಿರೋ ಗಂಟ ಏನೂ ಮುಟ್ಬ್ಯಾಡ ಅಂದ್ರು, ಅದ್ಕೇ ಸುಮ್ಕಿದ್ದೆ" ಎಂದ. ಅತ್ತೆ ಅವನ ಕೆನ್ನೆ ಸವರಿ, "ಗುಂಡಿ ಮುಚ್ಸು ಮಗ, ದನ ಗಿನ ಕಾಲ್ ಹಾಕ್ಕಂಡಾವು" ಎಂದರು. ಕಂಬ ಕಿತ್ತು ಮುಗಿದಾಗ ದಾರಿ ನೆಟ್ಟಗೆ ಅತ್ತೆಯ ತೋಟದವರೆಗೆ ಕಾಣುತ್ತಿತ್ತು. ಅತ್ತೆ ಕೋಲಿನ ಮೇಲೆ ಗದ್ದ ಊರಿ ಬಹಳ ಹೊತ್ತು ನೋಡಿದರು. "ಗೆದ್ದೆ ಕಣ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು: "ಈಗ ಎತ್ತಾಗ್ ಹೋಗ್ಲಿ?" ನನಗೆ ಅಳು ತಡೆಯಲಾಗಲಿಲ್ಲ. ಆಟೋದವನು ಬೇರೆ ಕಡೆ ಮುಖ ತಿರುಗಿಸಿಕೊಂಡ.

ಆ ವರ್ಷವೇ ಅತ್ತೆ ಹೋದರು. ಆಮೇಲೆ ಯಾರಾದರೂ ಕೇಳಿದರೆ, "ಕೇಸು ನಮ್ಮ ಕಡೆ ಆಯ್ತು" ಎಂದು ನಾನು ಎದೆ ಉಬ್ಬಿಸಿ ಹೇಳುತ್ತಿದ್ದೆ. ತಡವಾದರೂ ಸತ್ಯ ನಿಂತಿತು ಎಂದು ನಿವೃತ್ತಿಯ ದಿನದ ಭಾಷಣದಲ್ಲೂ ಕುಟ್ಟಿದ್ದುಂಟು. ಮೇಷ್ಟ್ರ ಬಾಯಿ, ಸುಮ್ಮನಿರುವುದಿಲ್ಲ.

ಆ ಬ್ಲೀಚಿಂಗ್ ಪುಡಿಯ ಬೆಳಿಗ್ಗೆ, ಗೇಟಿನ ಹತ್ತಿರ ನಿಂತವನು ಒಳಗೆ ಬಂದು ಸವಿತಾಳಿಗೆ ಫೋನು ಮಾಡಿದೆ, ಸುಮ್ಮನೆ ಅವಳ ದನಿ ಕೇಳಬೇಕೆನಿಸಿ. ಮಕ್ಕಳು, ಮಳೆ, ಅದು ಇದು ಮಾತಾಡಿದ ಮೇಲೆ, ಅವರ ಹೊಲಕ್ಕೆ ನೀರು ಬರುವ ಕಾಲುವೆಯನ್ನು ಮೇಲಿನ ಹೊಲದವರು ಒಡ್ಡು ಹಾಕಿ ತಿರುಗಿಸಿಕೊಂಡಿದ್ದಾರೆಂದು ಹೇಳಿದಳು. ಹೋದ ವರ್ಷದಿಂದ ಹೀಗೇ ಇದೆಯಂತೆ. ನನಗೆ ರೇಗಿತು.

"ಇಷ್ಟು ದಿನ ಸುಮ್ಮನಿದ್ಯಾ? ಕೇಸು ಹಾಕಬೇಕಿತ್ತು ತಾನೆ!"

ನನಗೇ ನೋವಾಗಬಾರದು ಎಂಬಂತೆ ಸವಿತಾ ಮೆಲ್ಲಗೆ ಹೇಳಿದಳು:

"ಬ್ಯಾಡ ಬುಡಿ ಭಾವ. ನಮ್ಮವ್ವ ಗೆದ್ದಿದ್ನ ನಾನೇ ಕಣ್ಣಾರೆ ನೋಡಿವ್ನಲ್ಲ."

ಕೋರ್ಟು ಈಗ ಮೊದಲಿನಂತಿಲ್ಲ, ಒಳ್ಳೆಯವರೂ ಇದ್ದಾರೆ, ಬೇಗ ಮುಗಿಸುವವರೂ ಇದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ ಪಾಠವೇ ಅದು. ಅವಳು "ಇನ್ನೇನ್ ಸಮಾಚಾರ ಭಾವ?" ಎಂದಳು. ನಾನು ಮಳೆಯ ವಿಷಯ ಮಾತಾಡಿದೆ.